ಜೆ.ಪಿ. ನಗರದಿಂದ ಸಮುದ್ರಕ್ಕೆ ದೋಣಿ ಹೋಗುತ್ತಾ?

ಪ್ರಶ್ನೆ: ಎರಡನೇ ಕ್ಲಾಸಿನ ನನ್ನ ಮಗಳಿಗೆ ‘ಪ್ಯಾಡಲ್ ಟು ದ ಸೀ’ ಎಂಬ ಇಂಗ್ಲಿಷ್ ಚಿತ್ರಪುಸ್ತಕದ ಹುಚ್ಚು ಹಿಡಿದಿದೆ. ಮರದ ಪುಟಾಣಿ ದೋಣಿಯೊಂದು ಒಂಟಿಯಾಗಿ ಹೊಳೆ, ಸರೋವರ ದಾಟಿ ಸಮುದ್ರ ಸೇರುವ ಕಥೆ. ದಿನಾ ರಾತ್ರಿ ಕನ್ನಡದಲ್ಲಿ ಹೇಳಿಸಿಕೊಳ್ಳುತ್ತಾಳೆ. ಈಗ ‘ನಮ್ಮನೆ ಮುಂದೆ ಬಿಟ್ರೂ ಸಮುದ್ರಕ್ಕೆ ಹೋಗುತ್ತಾ ಅಮ್ಮ? ಅದಕ್ಕೆ ಒಂದೇ ಹೋಗೋಕೆ ಭಯ ಆಗಲ್ವಾ?’ ಎಂದು ಶುರುಮಾಡಿದ್ದಾಳೆ. ‘ಬೆಂಗಳೂರಲ್ಲಿ ನದಿಯೇ ಇಲ್ವಲ್ಲ ಪುಟ್ಟಿ’ ಎಂದುಬಿಟ್ಟೆ. ಸರಿಯಾಗಿ ಹೇಳಿದೆನಾ? ನಮ್ಮ ಕಡೆಯ ನೀರಿನ ಮೇಲೆ ಇಂಥದ್ದೊಂದು ಪುಸ್ತಕ ಮಾಡಬಹುದಾ?
— ಓದುಗರು, ಜೆ.ಪಿ. ನಗರ

ಹೋಗುತ್ತದೆ ಎಂದೇ ಹೇಳಿ. ದೋಣಿಯ ಮಾತು ಆಮೇಲೆ. ನಿಮ್ಮ ಗೇಟಿನ ಮುಂದೆ ಬಿದ್ದ ಮಳೆನೀರಂತೂ ಸಮುದ್ರದ ದಾರಿ ಹಿಡಿದೇ ಹಿಡಿಯುತ್ತದೆ. ಬೆಂಗಳೂರಿಗೆ ನದಿ ಇಲ್ಲ ಎನ್ನುವುದು ನಾವೆಲ್ಲ ಚಿಕ್ಕಂದಿನಲ್ಲಿ ಕಲಿತು, ಮಕ್ಕಳಿಗೂ ಒಪ್ಪಿಸುತ್ತ ಬಂದ ಪಾಠ. ಊರು ಕೂತಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ನೆತ್ತಿಯ ಮೇಲೆ. ಬೇರೆ ಎಲ್ಲಿಂದಲೋ ಹರಿದು ಬರುವ ನದಿ ಈ ನೆತ್ತಿ ಹತ್ತಲಾರದು. ಇಲ್ಲಿ ಬಿದ್ದ ಮಳೆಯೇ ಹೊಳೆಯಾಗಿ ಕೆಳಕ್ಕೆ ಇಳಿಯಬೇಕು. ಹಾಗೆ ಇಳಿಯುವ ನೀರು ನಿಮ್ಮ ದಕ್ಷಿಣ ಬೆಂಗಳೂರಿನಲ್ಲೇ ಎರಡು ದಿಕ್ಕಿಗೆ ಒಡೆಯುತ್ತದೆ. ಬಸವನಗುಡಿಯ ಕಹಳೆ ಬಂಡೆಯ ಸುತ್ತಿನ ಎತ್ತರದಿಂದ ಪಶ್ಚಿಮಕ್ಕೆ ಜಾರಿದ್ದು ವೃಷಭಾವತಿ ಸೇರಿ ಕಾವೇರಿಗೆ. ಪೂರ್ವಕ್ಕೆ ಜಾರಿದ್ದು ಬೆಳ್ಳಂದೂರು ಕೆರೆ ಸೇರಿ ದಕ್ಷಿಣ ಪಿನಾಕಿನಿಗೆ. ಎರಡೂ ಕೊನೆಗೆ ಬಂಗಾಳ ಕೊಲ್ಲಿಯನ್ನೇ ಸೇರುತ್ತವೆ, ಒಂದು ಪೂಂಪುಹಾರಿನಲ್ಲಿ, ಇನ್ನೊಂದು ಕಡಲೂರಿನ ಹತ್ತಿರ. ಕರಾವಳಿಯಲ್ಲಿ ಆ ಎರಡು ಊರುಗಳ ನಡುವೆ ನೂರು ಕಿ.ಮೀ. ಕೂಡ ಇಲ್ಲ. ಬೆನ್ನು ತಿರುಗಿಸಿ ಹೊರಟ ನೀರು ಇಷ್ಟು ಹತ್ತಿರ ಬಂದು ನಿಲ್ಲುತ್ತದೆಂದು ಭೂಪಟ ಬಿಡಿಸಿ ನೋಡಿದರೆ ಮಾತ್ರ ನಂಬಿಕೆ ಬರುತ್ತದೆ.

ಆ ಪುಸ್ತಕ ಓದದವರಿಗಾಗಿ ನಾಲ್ಕು ಮಾತು. ಬರೆದು ಚಿತ್ರ ಬಿಡಿಸಿದವರು ಅಮೆರಿಕದ ಹೋಲಿಂಗ್ ಸಿ. ಹೋಲಿಂಗ್. ಪುಸ್ತಕ ಬಂದದ್ದು 1941ರಲ್ಲಿ, ಮರುವರ್ಷ ಅದಕ್ಕೆ ಅಲ್ಲಿಯ ಚಿತ್ರಪುಸ್ತಕಗಳಿಗೆ ಕೊಡುವ ಕಾಲ್ಡೆಕಾಟ್ ಗೌರವ ಸಿಕ್ಕಿತು. ಕೆನಡಾದ ನಿಪಿಗನ್ ಸೀಮೆಯ ಮೂಲನಿವಾಸಿ ಹುಡುಗನೊಬ್ಬ ಚಳಿಗಾಲದಲ್ಲಿ ಒಂದಡಿ ಉದ್ದದ ದೋಣಿ ಕೆತ್ತುತ್ತಾನೆ, ಒಳಗೊಬ್ಬ ಮರದ ಅಂಬಿಗ. ಮಗುಚಿಕೊಳ್ಳದಿರಲಿ ಎಂದು ತಳಕ್ಕೆ ಸೀಸ ಕಾಯಿಸಿ ಸುರಿಯುತ್ತಾನೆ. ಸಿಕ್ಕವರು ಮತ್ತೆ ನೀರಿಗೆ ಬಿಡಿ ಎಂಬ ಅರ್ಥದ ಸಾಲೊಂದನ್ನು ದೋಣಿಯ ಅಡಿಯಲ್ಲಿ ಕೆತ್ತಿ, ಗುಡ್ಡದ ಹಿಮದ ಮೇಲೆ ಇಟ್ಟು ಬರುತ್ತಾನೆ. ವಸಂತಕ್ಕೆ ಹಿಮ ಕರಗುತ್ತದೆ, ದೋಣಿ ತೊರೆಗೆ ಇಳಿಯುತ್ತದೆ. ಅಲ್ಲಿಂದ ಮುಂದೆ ಸುಪೀರಿಯರ್, ಮಿಷಿಗನ್, ಹ್ಯೂರಾನ್, ಈರಿ, ಒಂಟಾರಿಯೊ, ಸೇಂಟ್ ಲಾರೆನ್ಸ್ ನದಿ, ಅಟ್ಲಾಂಟಿಕ್. ನಡುವೆ ಸಾಮಿಲ್ಲಿನ ಗರಗಸ, ಮೀನಿನ ಬಲೆ, ನಯಾಗರ ಜಲಪಾತ.

ಪುಸ್ತಕದ ಜೀವ ಇರುವುದು ಅಂಚಿನಲ್ಲಿ ಎಂದು ನನ್ನ ಲೆಕ್ಕ. ಬಲಗಡೆ ಪುಟ ತುಂಬ ಬಣ್ಣದ ಚಿತ್ರ, ಎಡಗಡೆ ಕಥೆ. ಕಥೆಯ ಸುತ್ತ ಖಾಲಿ ಬಿಟ್ಟ ಜಾಗದಲ್ಲಿ ಸಣ್ಣ ಸಣ್ಣ ರೇಖಾಚಿತ್ರಗಳು. ಸಾಮಿಲ್ಲು ಹೇಗೆ ಕೆಲಸ ಮಾಡುತ್ತದೆ, ಕಾಲುವೆಯ ಬಾಗಿಲುಗಳಲ್ಲಿ ಹಡಗು ಹೇಗೆ ಮೇಲೇರುತ್ತದೆ, ಸುಪೀರಿಯರ್ ಸರೋವರದ ಆಕಾರ ತೋಳದ ತಲೆಯ ಹಾಗೆ ಹೇಗೆ ಕಾಣುತ್ತದೆ ಎಂಬಂಥವು. ದೋಣಿ ಎಲ್ಲಿಗೆ ಬಂತೆಂದು ಮಗು ಆ ನಕ್ಷೆಗಳಲ್ಲಿ ಬೆರಳಿಟ್ಟು ಹುಡುಕುತ್ತದೆ. ನಮ್ಮಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲೇ ಮೂರು ಸಂಪುಟಗಳ ‘ಬಾಲಪ್ರಪಂಚ’ ಮಾಡಿ, ಮಕ್ಕಳಿಗೆ ಲೋಕದ ವಿಷಯವನ್ನು ಚಿತ್ರಸಮೇತ ಕೊಡಲು ಹೊರಟಿದ್ದರು. ಹೋಲಿಂಗ್ ಅಂಥದೇ ಆಸೆಯನ್ನು ಒಂದು ದೋಣಿಯ ಬೆನ್ನಿಗೆ ಕಟ್ಟಿ ಕಳಿಸಿದ.

ಇನ್ನು ಭಯದ ಪ್ರಶ್ನೆ. ನದಿಯ ಮೇಲೆ ಮಗುವನ್ನು ಒಂಟಿಯಾಗಿ ಕಳಿಸುವ ಕಥೆ ಬರೆಯುವುದು ಕಷ್ಟ. ಓದುವ ಅಮ್ಮನಿಗೇ ಎದೆ ಢವಢವ ಎನ್ನುತ್ತದೆ. ವೆರಾ ಬಿ. ವಿಲಿಯಮ್ಸ್ 1981ರಲ್ಲಿ ಬರೆದ ಕೆಂಪು ದೋಣಿಯ ಪುಸ್ತಕದಲ್ಲಿ ಮಕ್ಕಳ ಜೊತೆ ಇಬ್ಬರು ದೊಡ್ಡವರು ಹೊರಡುತ್ತಾರೆ. ಡೇರೆ, ಗಂಟು ಹಾಕುವ ಬಗೆ, ಅಡುಗೆ ಎಲ್ಲ ಇದೆ, ಸೊಗಸಾಗಿಯೂ ಇದೆ. ಆದರೆ ಅದು ಸಂಸಾರದ ಪಿಕ್‌ನಿಕ್. ಹೋಲಿಂಗ್ ಹುಡುಗನನ್ನು ಮನೆಯಲ್ಲೇ ಬಿಟ್ಟು ಬೊಂಬೆಯನ್ನು ಕಳಿಸಿದ. ಬೊಂಬೆಗೆ ಹಸಿವಿಲ್ಲ, ಚಳಿಯಿಲ್ಲ, ಅದು ತಾನಾಗಿ ಹುಟ್ಟು ಹಾಕುವುದೂ ಇಲ್ಲ. ಹೊಳೆ ಒಯ್ದ ಕಡೆ ಹೋಗುತ್ತದೆ, ಸಿಕ್ಕಿಕೊಂಡ ಕಡೆ ಯಾರಾದರೂ ಎತ್ತಿ ಬಿಡುವವರೆಗೆ ಕಾಯುತ್ತದೆ. ಮಿಲ್ಲಿನವನು, ಬೆಸ್ತ, ಹಡಗಿನವನು, ಒಬ್ಬರ ಪರಿಚಯ ಒಬ್ಬರಿಗಿಲ್ಲ. ಅಡಿಯಲ್ಲಿ ಕೆತ್ತಿದ್ದನ್ನು ಓದಿ ಪ್ರತಿಯೊಬ್ಬನೂ ಮತ್ತೆ ನೀರಿಗೆ ಬಿಡುತ್ತಾನೆ. ಆ ದೋಣಿಯ ಒಂಟಿ ಪಯಣ ನಡೆದದ್ದು ಇಂಥ ಅಪರಿಚಿತರ ಕೈಯಲ್ಲಿ. ಭಯ ಆಗಲ್ವಾ ಎಂದು ಮಗಳು ಮತ್ತೆ ಕೇಳಿದರೆ ಆ ಕೈಗಳಿರುವ ಚಿತ್ರಗಳನ್ನು ತೋರಿಸಿ.

ನಿಜವಾದ ಮನುಷ್ಯ ಒಬ್ಬನೇ ಕೂತು ಉದ್ದದ ದೋಣಿ ನಡೆಸುವುದರಲ್ಲೊಂದು ತಮಾಷೆಯಿದೆ, ಅದನ್ನೂ ಅವಳಿಗೆ ಹೇಳಬಹುದು. ಬಲಗಡೆ ಹುಟ್ಟು ಹಾಕಿದರೆ ಮೂತಿ ಎಡಕ್ಕೆ ತಿರುಗುತ್ತದೆ. ಪ್ರತಿ ಸಲ ಬದಿ ಬದಲಿಸುತ್ತ ಕೂತರೆ ತೋಳು ಸೋಲುತ್ತದೆ, ಮೈಮೇಲೆಲ್ಲ ನೀರು. ಅದಕ್ಕೆ ಪಳಗಿದವರು ಎಳೆತದ ಕೊನೆಗೆ ಹುಟ್ಟಿನ ಅಲಗನ್ನು ಹೊರಕ್ಕೆ ಹೊರಳಿಸಿ ಒಂದಿಷ್ಟು ಒತ್ತುತ್ತಾರೆ, ಮೂತಿ ಮತ್ತೆ ನೇರವಾಗುತ್ತದೆ. ನಮ್ಮ ಹರಿಗೋಲಿನ ಕಥೆಯೇ ಬೇರೆ. ಬಿದಿರು ಹೆಣೆದು, ಹಿಂದೆ ಚರ್ಮ, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿದ ಆ ಬುಟ್ಟಿಗೆ ಮೂತಿಯೇ ಇಲ್ಲ. ಅಂಬಿಗ ಮುಂದಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಹುಟ್ಟನ್ನು ತನ್ನ ಎದುರಿಗೆ ನೀರಿಗಿಳಿಸಿ ತನ್ನತ್ತ ಎಳೆದುಕೊಳ್ಳುತ್ತಾನೆ. ಒಂದೇ ಬದಿಗೆ ಎಳೆದನೋ, ಬುಗುರಿ. ಹೊಗೇನಕಲ್‌ನಲ್ಲಿ ಪ್ರವಾಸಿಗಳನ್ನು ಕಿರುಚಿಸಲು ಬೇಕೆಂದೇ ಹಾಗೆ ತಿರುಗಿಸುತ್ತಾರೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೂಡ ತುಂಗಭದ್ರೆಯ ಈ ಬುಟ್ಟಿದೋಣಿಗಳು ಹದಿನೈದಿಪ್ಪತ್ತು ಜನರನ್ನು ಹೊತ್ತು ಗಿರಗಿರ ತಿರುಗುತ್ತಲೇ ಹೊಳೆ ದಾಟುವುದನ್ನು ಕಂಡು ಬರೆದಿಟ್ಟಿದ್ದಾನೆ. ಹರಿಗೋಲಿನ ತಳ ಚಪ್ಪಟೆ, ಮೊಣಕಾಲುದ್ದ ನೀರಿದ್ದರೂ ಬಂಡೆಗಳ ಮೇಲೆ ಜಾರಿಕೊಂಡು ಹೋಗುತ್ತದೆ. ಆದ್ದರಿಂದ ನಿಮ್ಮ ಪುಸ್ತಕ ಕಾವೇರಿಯ ದಾರಿ ಹಿಡಿದರೆ ಕೆನಡಾದ ದೋಣಿ ಬೇಡ, ಹರಿಗೋಲೇ ಇರಲಿ.

ಆ ದಾರಿ ಹೀಗಿದೆ. ವೃಷಭಾವತಿ ಹುಟ್ಟುವುದು ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಎಂದು ಐತಿಹ್ಯ. ಬನಶಂಕರಿ ಮೂರನೇ ಹಂತ, ಕತ್ರಿಗುಪ್ಪೆ, ಹೊಸಕೆರೆಹಳ್ಳಿಯ ನೀರೂ ಇದಕ್ಕೇ ಇಳಿಯುತ್ತದೆ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿ ಇದೇ ಹೊಳೆಯ ದಂಡೆಯದು, ವ್ಯಾಸರಾಯರು ಸ್ಥಾಪಿಸಿದ್ದೆಂದು ಪ್ರತೀತಿ. ಹಿಂದಿನವರು ನೀರು ಹತ್ತಿರವಿದೆ ಎಂದೇ ಅಲ್ಲಿ ಗುಡಿ ಕಟ್ಟಿರಬೇಕು. ಈಗ ದೊಡ್ಡ ಮಳೆಗೆ ಆ ನೀರು ಗುಡಿಯೊಳಕ್ಕೇ ನುಗ್ಗಿದ್ದುಂಟು. ನೇರಳೆ ಮಾರ್ಗದ ಮೆಟ್ರೊದಲ್ಲಿ ಕೆಂಗೇರಿ ಕಡೆ ಹೋಗುವಾಗ ಕಿಟಕಿಯಿಂದ ಕಾಣುವ ಕಪ್ಪು ನೀರು ಇದೇ ವೃಷಭಾವತಿ. ಮುಂದೆ ಬಿಡದಿ ಹತ್ತಿರ ಬೈರಮಂಗಲದ ಕೆರೆ ತುಂಬಿ, ಅಲ್ಲಿಯ ಹೊಲಗಳ ಮೇವಿನ ಹುಲ್ಲಿಗೂ ಬೇಬಿ ಕಾರ್ನಿಗೂ ಹಾಯುತ್ತದೆ. ಕನಕಪುರ ತಾಲ್ಲೂಕಿನಲ್ಲಿ ಸುವರ್ಣಮುಖಿಯ ಜೊತೆಗೂಡಿ ಅರ್ಕಾವತಿಗೆ ಬಿದ್ದು, ಹಾರೋಬೆಲೆ ಅಣೆಕಟ್ಟು ದಾಟಿ, ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಸ್ವಲ್ಪ ಕೆಳಗೆ ಮೇಕೆದಾಟು. ಅಷ್ಟು ಅಗಲದ ಕಾವೇರಿ ಬಂಡೆಯ ಸಂದಿಯೊಳಗೆ ತೂರಿ ಭೋರ್ಗರೆಯುವ ಜಾಗ. ಆಮೇಲೆ ಹೊಗೇನಕಲ್ ಅಬ್ಬಿ, 1934ರ ಮೆಟ್ಟೂರು ಅಣೆಕಟ್ಟು, ಶ್ರೀರಂಗ, ಕಲ್ಲಣೆ, ಪೂಂಪುಹಾರ್. ಕಥೆ ಕಟ್ಟುವವರಿಗೆ ಇದಕ್ಕಿಂತ ಏನು ಬೇಕು? ನಯಾಗರಕ್ಕೆ ಬದಲು ಹೊಗೇನಕಲ್ ಇದೆ, ಸಾಮಿಲ್ಲಿಗೆ ಬದಲು ಬೈರಮಂಗಲದ ತೂಬು ಇದೆ. ಅಣೆಕಟ್ಟು ಬಂದಲ್ಲೆಲ್ಲ ಎತ್ತಿ ಆಚೆ ಬಿಡುವ ಒಂದು ಕೈ ಬೇಕು, ಅಲ್ಲೊಬ್ಬ ಹೊಸ ಮನುಷ್ಯ ಕಥೆಗೆ ಬರುತ್ತಾನೆ.

ನಿಮ್ಮ ಮನೆ ಸಾರಕ್ಕಿ, ಪುಟ್ಟೇನಹಳ್ಳಿ ಕಡೆಯಾದರೆ ನಿಮ್ಮ ದೋಣಿ ಈ ದಾರಿ ಹಿಡಿಯುವುದಿಲ್ಲ. ಅಲ್ಲಿನ ಇಳಿಜಾರು ಪೂರ್ವಕ್ಕೆ, ಬಿಟಿಎಂ ಲೇಔಟ್‌ನ ಮಡಿವಾಳ ಕೆರೆಯತ್ತ. ಮಡಿವಾಳ ತುಂಬಿ ಕೋಡಿ ಬಿದ್ದರೆ ಅಗರ, ಅಗರದಿಂದ ಬೆಳ್ಳಂದೂರು, ಬೆಳ್ಳಂದೂರಿನಿಂದ ವರ್ತೂರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆ ತುಂಬುವ ಹಾಗೆ ನಮ್ಮ ಹಿರಿಯರು ಕಟ್ಟಿದ ಸಾಲು ಇದು, ಎರಡು ಕೆರೆಗಳ ನಡುವಿನ ಕೊಂಡಿಯೇ ರಾಜಕಾಲುವೆ. ಜಯನಗರದ ಎಷ್ಟೋ ಬ್ಲಾಕುಗಳ ನೀರೂ ಇತ್ತಲೇ ಬರುತ್ತದೆ. ವರ್ತೂರು ದಾಟಿದ ನೀರು ನಂದಿ ಬೆಟ್ಟದ ಸೀಮೆಯಿಂದ ಹೊಸಕೋಟೆ ಮೇಲೆ ಇಳಿದು ಬರುವ ದಕ್ಷಿಣ ಪಿನಾಕಿನಿಯನ್ನು ಸೇರಿ, ಹೊಸೂರು ಬಳಿಯ ಕೆಲವರಪಳ್ಳಿ, ಕೃಷ್ಣಗಿರಿ, ಸಾತನೂರು ಅಣೆಕಟ್ಟುಗಳನ್ನು ಹಾದು ಕಡಲೂರಿಗೆ ಹೋಗುತ್ತದೆ. ಗಡಿ ದಾಟಿದ ಮೇಲೆ ಅದರ ಹೆಸರು ತೆನ್‌ಪೆಣ್ಣೈ.

ಈ ದಾರಿಯಲ್ಲಿ ನಿಮ್ಮ ಚಿತ್ರಕಾರರು ನೊರೆ ಬಿಡಿಸಲೇಬೇಕು. ಬೆಳ್ಳಂದೂರು, ವರ್ತೂರು ಕೋಡಿಗಳಲ್ಲಿ ಆಳೆತ್ತರದ ಬಿಳಿ ನೊರೆ ರಸ್ತೆಗೆ ಹಾರಿ ಸ್ಕೂಟರಿನವರ ಮುಖಕ್ಕೆ ಬಡಿದ ವರ್ಷಗಳನ್ನು ನೀವು ಮರೆತಿರಲಾರಿರಿ. 2015ರಲ್ಲಿ ಬೆಳ್ಳಂದೂರಿನ ನೊರೆಗೆ ಬೆಂಕಿಯೇ ಹತ್ತಿತು. ಅದರ ಹಿಂದಿರುವುದು ಮನೆಮನೆಯ ಬಟ್ಟೆ ಒಗೆದ, ಪಾತ್ರೆ ತೊಳೆದ ನೀರು. ಸೋಪಿನ ಪುಡಿಯಲ್ಲಿ ಜಿಡ್ಡು ಬಿಡಿಸುವ ರಾಸಾಯನಿಕ ಶುದ್ಧವಾಗದೆ ಕೆರೆಗೆ ಬಂದು ಕೆಸರಿನಲ್ಲಿ ಕೂರುತ್ತದೆ. ಮಳೆಗೆ ನೀರು ಉಕ್ಕಿ ಕೆಸರು ಕದಡಿ, ಕೋಡಿಯಲ್ಲಿ ಎತ್ತರದಿಂದ ಧುಮುಕುವಾಗ ಗಾಳಿ ಸೇರಿಕೊಂಡು ಬಕೆಟ್ಟಿನಲ್ಲಿ ಕೈಯಾಡಿಸಿದ ಹಾಗೆ ನೊರೆ ಏಳುತ್ತದೆ. ಮಕ್ಕಳ ಪುಸ್ತಕಕ್ಕೆ ಇಂಥ ಗಲೀಜು ಯಾಕೆ ಎನ್ನಬೇಡಿ. ಬಿಲ್ ಮೇಸನ್ ಎಂಬ ಕೆನಡಾದ ದೋಣಿಗಾರ-ನಿರ್ದೇಶಕ 1966ರಲ್ಲಿ ಈ ಕಥೆಯನ್ನೇ ಪುಟ್ಟ ಸಿನಿಮಾ ಮಾಡಿದಾಗ, ಕಾರ್ಖಾನೆಗಳ ಕೊಳೆ ನೀರಿನಲ್ಲೂ ಆ ಬೊಂಬೆಯನ್ನು ತೇಲಿಸಿದ. ನೊರೆಯಿಲ್ಲದ ಬೆಳ್ಳಂದೂರನ್ನು ಬಿಡಿಸಿಟ್ಟರೆ ನಿಮ್ಮ ಮಗಳೇ ‘ಸುಳ್ಳು’ ಎಂದಾಳು.

ಇದರಲ್ಲೊಂದು ತಿರುವೂ ಇದೆ. ನಿಮ್ಮ ಭಾಗದ ಕೊಳಚೆ ನೀರು ಈಗ ಎಲ್ಲವೂ ಸಮುದ್ರದ ಕಡೆ ಹೋಗುವುದಿಲ್ಲ. ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಸಂಸ್ಕರಿಸಿದ ನೀರನ್ನು 2018ರ ಜೂನ್‌ನಿಂದ ಪಂಪು ಮಾಡಿ ಕೋಲಾರಕ್ಕೆ ಕಳಿಸುತ್ತಿದ್ದಾರೆ. ಯೋಜನೆ ದಿನಕ್ಕೆ ಸುಮಾರು 40 ಕೋಟಿ ಲೀಟರಿನದು. ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ, ಆಮೇಲೆ ಕೆರೆಯಿಂದ ಕೆರೆಗೆ ಕೋಡಿ ಹರಿದು ನೂರಕ್ಕೂ ಹೆಚ್ಚು ಕೆರೆಗಳ ಗುರಿ. ಎರಡೇ ಹಂತದ ಶುದ್ಧೀಕರಣ ಸಾಲದು ಎಂಬ ತಕರಾರು ನ್ಯಾಯಾಲಯದವರೆಗೂ ಹೋಗಿದೆ, ಬೋರ್‌ವೆಲ್ಲಿನಲ್ಲಿ ನೀರು ಮೇಲೆ ಬಂತೆಂದು ಹಿಗ್ಗಿದ ರೈತರೂ ಇದ್ದಾರೆ. ಅಂತೂ ಜಯನಗರದಲ್ಲಿ ಪಾತ್ರೆ ತೊಳೆದ ನೀರು ಕೋಲಾರದ ಕೆರೆ ಏರಿ ಮುಟ್ಟುತ್ತದೆ.

ಆ ನೀರು ಜಯನಗರಕ್ಕೆ ಬಂದದ್ದಾದರೂ ಎಲ್ಲಿಂದ? ಈ ಪುಟವನ್ನು ಬರೆದರೆ ಹೋಲಿಂಗ್ ಕೂಡ ಹೊಟ್ಟೆಕಿಚ್ಚು ಪಟ್ಟಾನು. ಶಿವನಸಮುದ್ರದ ಬಳಿಯ ಶಿವ ಅಣೆಕಟ್ಟೆಯಿಂದ ಎತ್ತಿದ ಕಾವೇರಿ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗುತ್ತದೆ. ಅಲ್ಲಿ ಒಂದು ಪಂಪು, ಹಾರೋಹಳ್ಳಿಯಲ್ಲಿ ಇನ್ನೊಂದು, ತಾತಗುಣಿಯಲ್ಲಿ ಮತ್ತೊಂದು. ಮೂರು ಸಲ ಎತ್ತಿ, ಸುಮಾರು 100 ಕಿ.ಮೀ. ಕೊಳವೆಯಲ್ಲಿ, ಹತ್ತಿರ ಹತ್ತಿರ ಅರ್ಧ ಕಿ.ಮೀ. ಎತ್ತರ ಏರಿಸಿ ಊರಿಗೆ ತರುತ್ತಾರೆ. ಮೊದಲ ಹಂತ ಶುರುವಾದದ್ದು 1974ರಲ್ಲಿ, ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ. ಕನಕಪುರ ರಸ್ತೆಯಲ್ಲಿ ಹೋಗುವಾಗ ಪಕ್ಕದಲ್ಲಿ ಕಾಣುವ, ಭಾರೀ ಕೊಳವೆಗಳ ಹೊಟ್ಟೆಯಲ್ಲಿ ಕಾವೇರಿ ಗುಡ್ಡ ಹತ್ತುತ್ತಿರುತ್ತಾಳೆ. ಬನಶಂಕರಿಯ ಮನೆಯೊಂದರ ಸಂಪಿಗೆ ಬಿದ್ದು, ಬಳಕೆಯಾಗಿ, ವೃಷಭಾವತಿಯಲ್ಲಿ ಇಳಿದು, ಸಂಗಮದಲ್ಲಿ ಮತ್ತೆ ಅದೇ ಕಾವೇರಿಗೆ ಸೇರುತ್ತಾಳೆ, ಎತ್ತಿದ ಜಾಗಕ್ಕಿಂತ ತುಸು ಕೆಳಗೆ. ಮರದ ಅಂಬಿಗನಿಗೆ ಗೊತ್ತಿದ್ದದ್ದು ಇಳಿಜಾರು ಮಾತ್ರ. ನಿಮ್ಮವನು ಬೇಕಾದರೆ ನದಿಯನ್ನು ಹತ್ತಿಯೂ ಬರಬಹುದು.

ಹಾಗಾಗಿ ಪುಸ್ತಕ ಮಾಡಬಹುದಾ ಎಂದರೆ, ಮಾಡಿ. ಪ್ರಕಾಶಕರನ್ನು ಹುಡುಕಿಕೊಂಡು ಕೂರಬೇಕಾಗಿಲ್ಲ. ಬೆಂಗಳೂರಿನದೇ ಆದ ಪ್ರಥಮ್ ಬುಕ್ಸ್ 2015ರಿಂದ ನಡೆಸುತ್ತಿರುವ ಸ್ಟೋರಿವೀವರ್‌ನಲ್ಲಿ ಅಲ್ಲಿರುವ ಚಿತ್ರಗಳನ್ನೇ ಆರಿಸಿಕೊಂಡು ಕನ್ನಡದಲ್ಲಿ ಕಥೆ ಜೋಡಿಸಬಹುದು, ದುಡ್ಡಿಲ್ಲ. ಆದರೂ ಮೊದಲ ಪ್ರತಿ ಡ್ರಾಯಿಂಗ್ ಪುಸ್ತಕದಲ್ಲೇ ಆಗಲಿ ಎಂದು ನನ್ನ ಸಲಹೆ. ಎಡಪುಟದ ಅಂಚು ಖಾಲಿ ಬಿಡಿ. ಸಾರಕ್ಕಿ ಕೆರೆಯ ಆಕಾರ ಅವಳಿಗೆ ಏನಾಗಿ ಕಾಣುತ್ತದೋ ಅದನ್ನೇ ಬಿಡಿಸಲಿ. ತಾತಗುಣಿಯ ಪಂಪನ್ನೂ ಕೋಡಿಯ ನೊರೆಯನ್ನೂ ಅಂಚಿಗೆ ಹಾಕಿ. ಇಡೀ ದಾರಿಯನ್ನು ಒಂದೇ ಪುಸ್ತಕಕ್ಕೆ ತುರುಕುವ ಆಸೆ ಬಿಡಿ. ಹೋಲಿಂಗ್ ಒಂದೊಂದು ಪುಟಕ್ಕೆ ಒಂದೇ ಜಾಗ ಇಟ್ಟುಕೊಂಡದ್ದರಿಂದಲೇ ಅದು ಪಠ್ಯಪುಸ್ತಕವಾಗದೆ ಉಳಿಯಿತು.

ಒಂದೆರಡು ಎಚ್ಚರಿಕೆ. ಮಳೆ ಬಂದಾಗ ಗೇಟಿನ ಮುಂದೆ ಕಾಗದದ ದೋಣಿ ಬಿಟ್ಟು ಯಾವ ಮೋರಿಗೆ ಹೋಗುತ್ತದೆಂದು ನೋಡುವುದು ಒಳ್ಳೆಯ ಆಟ, ನಿಮ್ಮ ಬೀದಿಯ ಇಳಿಜಾರು ಯಾವ ಕಡೆಗೆಂದು ಅಲ್ಲೇ ತಿಳಿಯುತ್ತದೆ. ರಾಜಕಾಲುವೆಯ ಹತ್ತಿರ ಮಾತ್ರ ಬೇಡ. ಜೋರು ಮಳೆಯಲ್ಲಿ ಅದು ಏರುವುದು ನಿಮಿಷಗಳಲ್ಲಿ, ಮಕ್ಕಳನ್ನು ಕೊಚ್ಚಿಕೊಂಡು ಹೋದದ್ದೂ ಇದೆ. ದೋಣಿಗೆ ಥರ್ಮಾಕೋಲ್, ಪ್ಲಾಸ್ಟಿಕ್ ಬೇಡ. ಕಥೆಯ ಹುಡುಗನ ಹಾಗೆ ಸೀಸ ಸುರಿಯುವುದಂತೂ ಬೇಡವೇ ಬೇಡ, ಅದು ವಿಷ. ಅಡಿಕೆ ಹಾಳೆಯ ತುಂಡಿಗೆ ಕೆಳಗೊಂದು ಸಣ್ಣ ಕಲ್ಲು ಕಟ್ಟಿದರೂ ನೆಟ್ಟಗೆ ನಿಲ್ಲುತ್ತದೆ. ಸಂಗಮ ನೋಡಬೇಕಾದರೆ ಕನಕಪುರ ರಸ್ತೆಯಲ್ಲಿ ಬೆಳಿಗ್ಗೆ ಹೊರಟು ಸಂಜೆಗೆ ಬರಬಹುದು. ಮಳೆಗಾಲ ಮುಗಿದು ನೀರು ಇಳಿದ ಮೇಲೆ ಹೋಗಿ. ಹರಿಗೋಲು ಹತ್ತುವುದಾದರೆ ಲೈಫ್ ಜಾಕೆಟ್ ಹಾಕಿಸಿಯೇ ಹತ್ತಿಸಿ. ಮೇಕೆದಾಟಿನ ಬಂಡೆಗಳು ಜಾರುತ್ತವೆ, ಅಲ್ಲಿ ಪ್ರಾಣ ಕಳೆದುಕೊಂಡವರು ಬಹಳ ಮಂದಿ, ಈಜು ಬಲ್ಲವರೂ ಅವರಲ್ಲಿ ಸೇರಿದ್ದಾರೆ. ಅರ್ಕಾವತಿಯ ನೀರೂ ಕಾವೇರಿಯ ನೀರೂ ಕೂಡುವ ಜಾಗವನ್ನು ದಂಡೆಯ ಮೇಲೆ ನಿಂತೇ ತೋರಿಸಿ. ನಿಮ್ಮ ಮಗಳು ನಿಮ್ಮ ಮನೆಯ ನೀರು ಯಾವುದು ಎಂದು ಕೇಳಿದರೆ, ನಲ್ಲಿಯಲ್ಲಿ ಬಂದದ್ದು ಕಾವೇರಿಯದು, ಬನಶಂಕರಿಯ ಮನೆಗಳಿಂದ ಹೋದದ್ದು ಅರ್ಕಾವತಿಯದು ಎನ್ನಿ. ಜೆ.ಪಿ. ನಗರದ ಸಾರಕ್ಕಿ ಕಡೆಯಿಂದ ಹೋದದ್ದು ಅಲ್ಲಿಲ್ಲ. ಅದನ್ನು ನೋಡಲು ಇನ್ನೊಂದು ಭಾನುವಾರ ವರ್ತೂರಿನ ಕೋಡಿಗೆ ಹೋಗಬೇಕು.